ದೂರ ಕೂತವರ ತಲೆಗೇ ತಪ್ಪು ಕಟ್ಟುವುದೇಕೆ?

ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಕಾಗದ, ಮಸಿ, ಪ್ಲೇಟು ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಇಂಥವನು ಮನೆಯಿಂದ ಕೆಲಸ ಮಾಡುವವರ ಕಷ್ಟ ಬರೆಯಲು ಹೊರಟನಲ್ಲ ಎಂದು ನಗಬೇಡಿ. ಆ ಕಷ್ಟ ಕೊಟ್ಟವನೇ ನಾನು!

ಚಾಮರಾಜಪೇಟೆಯ ನನ್ನ ಪ್ರೆಸ್ಸಿನಲ್ಲಿ ಒಂಬತ್ತು ಜನ. ಎಂಟು ಮಂದಿ ಕಣ್ಣೆದುರಿಗಿದ್ದಾರೆ. ಒಂಬತ್ತನೆಯವಳು, ಡಿಟಿಪಿ ಮಾಡುವ ಹೆಣ್ಣುಮಗಳು, ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿ. 2020ರ ಯುಗಾದಿಗೆಂದು ಊರಿಗೆ ಹೋದವಳು ಲಾಕ್‌ಡೌನಿನಲ್ಲಿ ಅಲ್ಲೇ ಉಳಿದಳು. ಆಮೇಲೆ ತಾಯಿಗೆ ಹುಷಾರು ತಪ್ಪಿತು, ಬರುವ ಹಾಗೇ ಇಲ್ಲ. ಅವಳಷ್ಟು ಶುದ್ಧವಾಗಿ ಕನ್ನಡ ಟೈಪ್ ಮಾಡುವವರು ನನಗೆ ಬೇರೆ ಸಿಗಲಿಲ್ಲ. ಕಂಪ್ಯೂಟರನ್ನೇ ಬಸ್ಸಿಗೆ ಹಾಕಿ ಕಳಿಸಿದೆ.

ಮೊದಮೊದಲು ಕಂಡದ್ದೆಲ್ಲ ಯಂತ್ರದ ತೊಂದರೆ. ನಮ್ಮದು ಇನ್ನೂ ಹಳೇ ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಹಿಡಿಸುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ! ವಾಟ್ಸಾಪಿನಲ್ಲಿ ಫೋಟೋವನ್ನು ಹಾಗೇ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಅಚ್ಚಿಗೆ ಬರುವುದಿಲ್ಲ. ಡಾಕ್ಯುಮೆಂಟ್ ಮಾಡಿಯೇ ಕಳಿಸಬೇಕು. ಇನ್ನು ಬಣ್ಣ. ಪರದೆಯ ಮೇಲಿನ ಕೆಂಪೇ ಬೇರೆ, ನಾಲ್ಕು ಮಸಿ ಸೇರಿ ಕಾಗದದ ಮೇಲೆ ಬೀಳುವ ಕೆಂಪೇ ಬೇರೆ. ರಾಜ್ಯೋತ್ಸವದ ಪೋಸ್ಟರಿನಲ್ಲಿ ಅರಿಶಿನ ಕಿತ್ತಳೆಗೆ ತಿರುಗಿದರೆ ಇಲ್ಲಿರುವವನು ಹಾಳೆ ನೋಡಿ ತಿದ್ದುತ್ತಾನೆ. ಅವಳಿಗೆ ಆ ಹಾಳೆಯೇ ಕಾಣುವುದಿಲ್ಲ. ಮಲೆನಾಡಿನ ಮಳೆಗೆ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕರೆಂಟಿಲ್ಲ, ಟವರೂ ಸತ್ತಿರುತ್ತದೆ. ಜೋರು ಮಳೆಯಲ್ಲಿ ತಮ್ಮನ ಬೈಕ್ ಹತ್ತಿ ರಿಪ್ಪನ್‌ಪೇಟೆಗೆ ಬಂದು ಫೈಲ್ ಕಳಿಸಿದ್ದುಂಟು ಆಕೆ.

ಇವಕ್ಕೆಲ್ಲ ಏನೋ ಒಂದು ದಾರಿ ಸಿಕ್ಕಿತು. ದಾರಿ ಸಿಗದಿದ್ದದ್ದು ನಮ್ಮ ಬಾಯಿಗೆ!

ಹೋದ ವರ್ಷ ಒಂದು ಮದುವೆ ಪತ್ರಿಕೆಯ ಕೆಲಸ. ಎಂಟುನೂರು ಪ್ರತಿ. ಹುಡುಗಿಯ ತಂದೆ ಪ್ರೆಸ್ಸಿಗೇ ಬಂದು "ಛತ್ರ ಬದಲಾಯ್ತು ಸ್ವಾಮಿ" ಅಂದರು. ಟೀ ಕುಡಿಯುತ್ತಾ ಕೇಳಿಸಿಕೊಂಡೆ. "ಆಯ್ತು, ಮಾಡಿಸ್ತೀನಿ ಬಿಡಿ" ಅಂದೆ. ಇಲ್ಲಿದ್ದವರಿಗೆಲ್ಲ ಅದು ಗೊತ್ತು. ಅವಳಿಗೆ ಹೇಳಿದವರಿಲ್ಲ. ಹಳೇ ಛತ್ರದ ಹೆಸರಿನಲ್ಲೇ ಪತ್ರಿಕೆ ಅಚ್ಚಾಯಿತು. ಆ ತಂದೆ ಬಂದು ಕೂಗಾಡಿದಾಗ ನಾನು ಫೋನೆತ್ತಿ ಬಾಯಿಗೆ ಬಂದಂತೆ ಬೈದದ್ದು ಯಾರಿಗೆ? ಅವಳಿಗೆ. ಆ ತಿಂಗಳ ಸಂಬಳದಲ್ಲಿ 2,500 ರೂಪಾಯಿ ಹಿಡಿದೆ. "ಅಣ್ಣಾ, ನಂಗೆ ಯಾರೂ ಹೇಳ್ಲೇ ಇಲ್ವಲ್ಲ" ಎಂದಳು, ಅಷ್ಟೇ. ಎದುರಿಗಿದ್ದಿದ್ದರೆ ನನ್ನ ಮುಖ ನೋಡಿ ಜಗಳವಾದರೂ ಆಡುತ್ತಿದ್ದಳು. ಎಂಟು ಮಂದಿ ತಲೆ ತಗ್ಗಿಸಿ ಸುಮ್ಮನಿದ್ದರು. ಬಾಯಿಬಿಟ್ಟರೆ ಮಾಲೀಕನ ತಪ್ಪು ಹೊರಗೆ ಬರುತ್ತದಲ್ಲ!

ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ವಾಪಸ್ ಹಾಕಿದೆ. ಆದರೆ ಆ ಮಾತು ವಾಪಸ್ ತಗೊಳ್ಳಲಿಕ್ಕೆ ಆಗುತ್ತದಾ?

ಒಂಬತ್ತು ಜನರ ಪ್ರೆಸ್ಸಿನಲ್ಲೇ ಹೀಗಾದರೆ, ಸಾವಿರಾರು ಜನರ ಕಂಪನಿಗಳಲ್ಲಿ ಊರಿನಿಂದ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರ ಗತಿ ಏನು? ಎಲ್ಲರೂ ಮನೆಯಲ್ಲಿದ್ದಾಗ ಎಲ್ಲರಿಗೂ ಒಂದೇ ಕಷ್ಟ. ಈಗ ಬಹುಪಾಲು ಜನ ಆಫೀಸಿಗೆ ಮರಳಿದ್ದಾರೆ, ಒಬ್ಬಿಬ್ಬರು ಮಾತ್ರ ಹೊರಗೆ. ಟಿಸಿಎಸ್ ಕಂಪನಿ 2020ರಲ್ಲಿ, 2025ರ ಹೊತ್ತಿಗೆ ನೌಕರರಲ್ಲಿ ಶೇ. 25ಕ್ಕಿಂತ ಹೆಚ್ಚು ಜನ ಆಫೀಸಿನಲ್ಲಿ ಇರಬೇಕಾಗಿಲ್ಲ ಎಂದಿತ್ತು. 2023ರ ಅಕ್ಟೋಬರ್ 1ರಿಂದ ವಾರಕ್ಕೆ ಐದು ದಿನ ಬನ್ನಿ ಎಂದಿತು. ಆ ಮೊದಲ ಮಾತು ನಂಬಿ ಊರಲ್ಲಿ ಮನೆ ರಿಪೇರಿ ಮಾಡಿಸಿಕೊಂಡವರು ಏನು ಮಾಡಬೇಕು ಸ್ವಾಮಿ?

ಮೀಟಿಂಗ್ ಮುಗಿದ ಮೇಲೆ ಕಾಫಿ ಮೆಷಿನ್ ಹತ್ತಿರ ಇನ್ನೊಂದು ಮೀಟಿಂಗ್ ನಡೆಯುತ್ತದಂತೆ. ನಿಜವಾದ ತೀರ್ಮಾನ ಅಲ್ಲಿಯದೇ. ಅಲ್ಲಿ ಮಾತು ಹಿಂದಿಗೋ ತೆಲುಗಿಗೋ ಜಾರಿದರೆ ಪಕ್ಕದಲ್ಲಿ ನಿಂತ ಕನ್ನಡದವನು "ಏನಂದ್ರಿ?" ಎಂದು ಕೇಳಬಹುದು. ದಾವಣಗೆರೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವನು ಯಾರನ್ನು ಕೇಳಬೇಕು? ಬಡ್ತಿ ಬಂದಾಗಲೂ ಸಾಹೇಬರಿಗೆ ನೆನಪಾಗುವುದು ದಿನಾ ನಮಸ್ಕಾರ ಹೊಡೆಯುವ ಮುಖ.

ಎಲ್ಲರನ್ನೂ ಮನೆಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಆಫ್‌ಸೆಟ್ ಮೆಷಿನ್ನನ್ನು ಮನೆಯಿಂದ ಓಡಿಸಲಾಗುವುದಿಲ್ಲ, ನನಗೂ ಗೊತ್ತು. ಆದರೆ ಒಬ್ಬ ದೂರ ಇದ್ದರೂ ಸಾಕು, ಹತ್ತಿರ ಇರುವವರೆಲ್ಲ ಬರೆದೇ ಕೆಲಸ ಮಾಡಬೇಕು. ಬಾಯಿಮಾತಿನ ಬದಲಾವಣೆ ಲೆಕ್ಕಕ್ಕಿಲ್ಲ ಎನ್ನಿ. ಈ ನಿಯಮವನ್ನು ಕಂಪನಿ ತಾನಾಗಿ ತರುವುದಿಲ್ಲ, ಆಫೀಸಿನಲ್ಲಿ ಕೂತ ಕನ್ನಡದ ಗೆಳೆಯರೇ, ನೀವು ಕೇಳಬೇಕು. ಊರಲ್ಲಿರುವವನು ಕೇಳಿದರೆ "ಹಾಗಾದ್ರೆ ನೀನೇ ಬಾ" ಅಂತಾರೆ.

ನಮ್ಮಲ್ಲೀಗ ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಗಿರಾಕಿ ಹೇಳಿದ್ದು ಕಾರ್ಡಿಗೆ, ಕಾರ್ಡಿನ ಫೋಟೋ ಗುಂಪಿಗೆ. ಅವಳು "ನೋಡಿದೆ" ಎಂದು ಬರೆಯದೆ ಪ್ಲೇಟ್ ಹಾಕುವಂತಿಲ್ಲ. ಮೆಷಿನ್ ಹುಡುಗರು ಮೊದಲ ವಾರ ಗೊಣಗಿದರು, ಈಗ ನನಗೇ ಬೈಯುತ್ತಾರೆ, "ಎಲ್ಲಿ ಸಾರ್ ಬರ್ದಿದೀರಾ?" ಅಂತ.

ಈ ಬರಹದ ಅಕ್ಷರ ಜೋಡಣೆಯೂ ಅವಳದೇ. ಅಲ್ಲಿ ಮಳೆ ಹಿಡಿದಿದೆಯಂತೆ, ಕರೆಂಟು ಹೋಗುವ ಮುಂಚೆ ತಿದ್ದಿ ಕಳಿಸಿ ಅಂದಿದ್ದಾಳೆ.