ವಾಟ್ ಕೇಳಬೇಡಿ, ಲೀಟರ್ ಕೇಳಿ

ಪಿಕಪ್ ಗಾಡಿಯ ಲೋನಿಗೆ ಬರುವವರ ಕೊಟೇಶನ್ನಿನಲ್ಲಿ ಕೊನೆಗೊಂದು ಲೈನು ಇರುತ್ತದೆ. 'ಮ್ಯೂಸಿಕ್ ಸಿಸ್ಟಮ್ ವಿತ್ ವೂಫರ್, 40,000'. ನಮ್ಮ ಬ್ಯಾಂಕಿನ ಹುಡುಗರಿಗೆ ಅದನ್ನು ಕಂಡರೆ ನಗು. ದುಡಿಯೋ ಗಾಡಿಗೆ ಯಾಕ್ರೀ ಈ ಶೋಕಿ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ತಾಸು ಆ ಕ್ಯಾಬಿನ್ನಿನಲ್ಲೇ ಕೂರುವವನಿಗೆ ಅದು ಆಫೀಸೂ ಹೌದು, ಅರ್ಧ ಮನೆಯೂ ಹೌದು. ಒಳ್ಳೆಯ ಹಾಡು ಕೇಳುವ ಹಕ್ಕು ಸೆಡಾನ್ ಕಾರಿನವರಿಗೆ ಮಾತ್ರ ಯಾಕಿರಬೇಕು?

ನನ್ನ ತಕರಾರು ಬೇರೆ. ಆ ಲೈನಿನಲ್ಲಿ ವಾಟ್ ಬರೆದಿರುತ್ತದೆ, ಸ್ಪೀಕರಿನ ಇಂಚು ಬರೆದಿರುತ್ತದೆ, ಪೆಟ್ಟಿಗೆಯ ಅಳತೆ ಮಾತ್ರ ಎಲ್ಲೂ ಇರುವುದಿಲ್ಲ. ಸಬ್‌ವೂಫರಿನ ಜೀವ ಇರುವುದೇ ಪೆಟ್ಟಿಗೆಯಲ್ಲಿ. ಪಿಕಪ್ಪಿನಲ್ಲಂತೂ ಡಿಕ್ಕಿ ಅನ್ನುವುದೇ ಇಲ್ಲ. ಆದ್ದರಿಂದ ಸ್ಪೀಕರ್ ಆರಿಸಿ ಆಮೇಲೆ ಪೆಟ್ಟಿಗೆ ಹುಡುಕುವುದು ತಲೆಕೆಳಗಾದ ಲೆಕ್ಕ. ಮೊದಲು ಜಾಗ, ನಂತರ ಪೆಟ್ಟಿಗೆ, ಆಮೇಲೆ ಸ್ಪೀಕರು, ಕೊನೆಗೆ ಆಂಪ್ಲಿಫೈಯರು. ನಾನು ಇಷ್ಟುದ್ದ ಬರೆಯಲು ಹೊರಟಿರುವುದು ಈ ಒಂದೇ ಮಾತಿಗಾಗಿ.

ಮೊದಲು, ವೂಫರ್ ಬೇಕೇ ಅನ್ನುವ ಪ್ರಶ್ನೆ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನು 2000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 67 ಸಲ ಸಿಡಿಯುತ್ತದೆ. ಅಂದರೆ 67 ಹರ್ಟ್ಝಿನ ಒಂದು ಗುಂಯ್‌ಗುಡುವಿಕೆ ಕ್ಯಾಬಿನ್ನಿನಲ್ಲಿ ಸದಾ ಇರುತ್ತದೆ. ತಬಲಾದ ಡಗ್ಗಾ, ಡೊಳ್ಳು, ಬೇಸ್ ಗಿಟಾರು ಎಲ್ಲ ಓಡಾಡುವ ಓಣಿ ಇದೇ! ಬಾಗಿಲಿನ ಸಣ್ಣ ಸ್ಪೀಕರುಗಳಿಗೆ ಈ ಓಣಿಯಲ್ಲಿ ಎಂಜಿನ್ನಿನ ಜೊತೆ ಜಗಳವಾಡುವ ತಾಕತ್ತಿಲ್ಲ. ಆಗ ಡ್ರೈವರ್ ಏನು ಮಾಡುತ್ತಾನೆ? ವಾಲ್ಯೂಮ್ ಏರಿಸುತ್ತಾನೆ. ಡಗ್ಗಾ ಕೇಳಿಸುವಷ್ಟರಲ್ಲಿ ಲತಾಬಾಯಿಯ ತಾರಸ್ಥಾಯಿ ಕಿವಿಗೆ ಸೂಜಿಯಾಗಿರುತ್ತದೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬೆಲ್, ದಿನಕ್ಕೆ 8 ತಾಸು. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧ. 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ ಒಂದೇ ತಾಸು. ಪುಣೆಯಿಂದ ಬೆಳಗಾವಿಗೆ ಮಾಲು ತುಂಬಿಕೊಂಡು ಹೋಗುವವನಿಗೆ ಆರೇಳು ತಾಸಿನ ದಾರಿ. ಸರಿಯಾಗಿ ಕೂತ ಒಂದು ಸಣ್ಣ ಸಬ್‌ವೂಫರ್ ಇದ್ದರೆ ಒಟ್ಟು ವಾಲ್ಯೂಮು ಇಳಿಸಬಹುದು, ಹಾಡು ತುಂಬಿಕೊಂಡೇ ಕೇಳುತ್ತದೆ. ಹಿಂದಿನ ಗಾಡಿಯ ಹಾರ್ನೂ ಕೇಳುತ್ತದೆ. ವೂಫರ್ ಇರಬೇಕಾದದ್ದು ಸದ್ದು ಜಾಸ್ತಿ ಮಾಡಲು ಅಲ್ಲ, ಕಮ್ಮಿ ಮಾಡಲು! ಇದನ್ನು ಅಂಗಡಿಯವನು ಹೇಳುವುದಿಲ್ಲ, ಯಾಕಂದರೆ ಹೇಳಿದರೆ ಸಣ್ಣದು ಮಾರಬೇಕಾಗುತ್ತದೆ.

ಈಗ ಪೆಟ್ಟಿಗೆಯ ವಿಷಯ. ಸ್ಪೀಕರಿನ ಕೋನು ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಎಳೆಯುತ್ತಿರುತ್ತದೆ. ಪೆಟ್ಟಿಗೆಯಿಲ್ಲದೆ ಬಿಟ್ಟರೆ ಮುಂದಿನ ಒತ್ತು ಹಿಂದಿನ ಎಳೆತಕ್ಕೆ ಹೋಗಿ ಸೇರುತ್ತದೆ, ಜಮಾ ಖರ್ಚು ಸಮ, ಬ್ಯಾಲೆನ್ಸ್ ಸೊನ್ನೆ. ಪೆಟ್ಟಿಗೆ ಬೇಕಾದದ್ದು ಇದಕ್ಕೆ. ಹಿಂದೆಲ್ಲ ಒಳ್ಳೆಯ ಬೇಸ್ ಬೇಕಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬಾತ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡ. ಅವನ ಎಆರ್-1 ಸ್ಪೀಕರು ಶೆಲ್ಫಿನ ಮೇಲೆ ಕೂರುವಷ್ಟಿತ್ತು. ಇವತ್ತು ಗಾಡಿಯ ಸೀಟಿನ ಕೆಳಗೆ ಕೂರುವ 'ಸೀಲ್ಡ್ ಬಾಕ್ಸ್' ಅದರದೇ ಸಂತತಿ.

ಇನ್ನೊಂದು ಜಾತಿ 'ಪೋರ್ಟೆಡ್'. ಪೆಟ್ಟಿಗೆಗೆ ಒಂದು ಕೊಳವೆ ಇರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬುಂಯ್ ಅನ್ನುತ್ತದಲ್ಲ, ಅದೇ ತತ್ವ. ಒಂದು ನಿರ್ದಿಷ್ಟ ಸ್ವರದ ಹತ್ತಿರ ಜೋರಾದ ಸದ್ದು ಕೊಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಮಾತ್ರ ಕೋನಿಗೆ ಹಿಡಿತವಿರುವುದಿಲ್ಲ, ಸದ್ದೂ ಧೊಪ್ಪನೆ ಬೀಳುತ್ತದೆ. ಒಂದು ಸ್ಥಾಯಿ ಕೆಳಗಿಳಿದರೆ, ಅಂದರೆ ಫ್ರೀಕ್ವೆನ್ಸಿ ಅರ್ಧವಾದರೆ, ಪೋರ್ಟೆಡ್ ಪೆಟ್ಟಿಗೆಯಲ್ಲಿ ಸುಮಾರು 24 ಡೆಸಿಬೆಲ್ ಇಳಿತ. ಸೀಲ್ಡ್ ಪೆಟ್ಟಿಗೆಯಲ್ಲಿ 12 ಮಾತ್ರ.

ಪಿಕಪ್ಪಿನವರಿಗೆ ಇಲ್ಲೊಂದು ಲಾಭವಿದೆ. ಕ್ಯಾಬಿನ್ನಿನ ಉದ್ದಕ್ಕಿಂತ ಶಬ್ದದ ಅಲೆಯ ಅರ್ಧ ಉದ್ದ ಜಾಸ್ತಿಯಾದಾಗ ಕ್ಯಾಬಿನ್ನೇ ಬೇಸನ್ನು ಎತ್ತಿಕೊಡಲು ಶುರುಮಾಡುತ್ತದೆ. 2 ಮೀಟರ್ ಕ್ಯಾಬಿನ್ನಿನಲ್ಲಿ ಇದು ಸುಮಾರು 86 ಹರ್ಟ್ಝಿನ ಕೆಳಗೆ. ಲೆಕ್ಕದ ಪ್ರಕಾರ ಒಂದು ಸ್ಥಾಯಿಗೆ 12 ಡೆಸಿಬೆಲ್ ಏರಿಕೆ. ಕಿಟಕಿ, ಬಾಗಿಲ ಸಂದುಗಳಲ್ಲಿ ಸೋರಿ ಅಷ್ಟು ಪೂರಾ ಸಿಗುವುದಿಲ್ಲ, ಆದರೂ ಒಳ್ಳೆಯ ಪಾಲು ಸಿಗುತ್ತದೆ. ಸೀಲ್ಡ್ ಪೆಟ್ಟಿಗೆ 12 ಇಳಿಸುತ್ತದೆ, ಕ್ಯಾಬಿನ್ನು 12ರ ಹತ್ತಿರ ಏರಿಸುತ್ತದೆ. ಡೆಬಿಟ್ಟಿಗೆ ಕ್ರೆಡಿಟ್ ಸರಿಹೋಯಿತು! ಡಿಕ್ಕಿ ಇಲ್ಲ ಅಂತ ಕೊರಗುವ ಪಿಕಪ್ಪಿಗೆ ಸಣ್ಣ ಕ್ಯಾಬಿನ್ನೇ ಪುಕ್ಕಟೆ ಆಂಪ್ಲಿಫೈಯರು. ಆದ್ದರಿಂದ ನನ್ನ ಓಟು ಕಣ್ಣುಮುಚ್ಚಿ ಸೀಲ್ಡ್ ಪೆಟ್ಟಿಗೆಗೆ.

ಈಗ ಟೇಪು ಹಿಡಿಯೋಣ. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ತರಹದ ಡಬಲ್ ಕ್ಯಾಬ್ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ ಅಥವಾ ಹಿಂದೆ ಜಾಗ ಹುಡುಕಬೇಕು. ನಿಮ್ಮ ಗಾಡಿಯ ಅಳತೆ ನೀವೇ ತೆಗೆಯಿರಿ, ಜಾಕಿ, ಪಾನಾ ಇಡುವ ಜಾಗ ಬಿಟ್ಟು. ಉದಾಹರಣೆಗೆ 110 ಸೆಂ.ಮೀ. ಉದ್ದ, 30 ಅಗಲ, 14 ಎತ್ತರ ಸಿಕ್ಕಿತು ಅನ್ನೋಣ. ಗುಣಿಸಿದರೆ 46 ಲೀಟರ್. ಖುಷಿಯಾಗಬೇಡಿ. 18 ಮಿ.ಮೀ. ಹಲಗೆ ಎಲ್ಲ ಮಗ್ಗುಲಿಗೂ ಬರುತ್ತದೆ. ಒಳ ಅಳತೆ 106.4, 26.4, 10.4. ಗುಣಿಸಿ ಸಾವಿರದಿಂದ ಭಾಗಿಸಿದರೆ 29 ಲೀಟರ್. ಹಲಗೆಯೇ 17 ಲೀಟರ್ ತಿಂದುಹಾಕಿತು! ಸ್ಪೀಕರಿನ ಮೈ ಒಂದೆರಡು ಲೀಟರ್ ಕಳೆಯಿರಿ. ಕೈಗೆ ಬಂದದ್ದು 27 ಲೀಟರ್.

10 ಇಂಚಿನ ವೂಫರಿಗೆ ಸೀಲ್ಡ್ ಪೆಟ್ಟಿಗೆ ಸಾಮಾನ್ಯವಾಗಿ 17ರಿಂದ 23 ಲೀಟರ್ ಕೇಳುತ್ತದೆ. ಅಂದರೆ ಒಂದು 10 ಇಂಚು ಆರಾಮಾಗಿ ಕೂರುತ್ತದೆ. 12 ಇಂಚಿನದು 28ರಿಂದ 35 ಕೇಳುತ್ತದೆ, ಕಷ್ಟ. ಎರಡು 12 ಇಂಚಿನವು ಅಂದರೆ ಸುಳ್ಳು ಮಾತು. ಪೋರ್ಟೆಡ್ ಆದರೆ ಒಂದೇ 10 ಇಂಚಿಗೂ 35ರ ಮೇಲೆ ಬೇಕು, ಕೊಳವೆಯ ಜಾಗ ಬೇರೆ. ಆಳದ ಲೆಕ್ಕವನ್ನೂ ಮರೆಯಬೇಡಿ. ಮಾಮೂಲಿ 10 ಇಂಚಿನ ಸ್ಪೀಕರಿಗೆ 13-15 ಸೆಂ.ಮೀ. ಆಳ ಬೇಕು, ಅದು ಈ ಪೆಟ್ಟಿಗೆಯಲ್ಲಿಲ್ಲ. 'ಶ್ಯಾಲೋ ಮೌಂಟ್' ಅಂತ ಚಪ್ಪಟೆ ಸ್ಪೀಕರುಗಳು ಬರುತ್ತವೆ, 8-9 ಸೆಂ.ಮೀ. ಸಾಕು. ಕೋನು ಮೇಲೆ ಕೆಳಗೆ ಆಡುವುದಕ್ಕೆ ಸೀಟಿಗೂ ಅದಕ್ಕೂ ನಡುವೆ ಒಂದಿಂಚು ಬಿಡಬೇಕು. ಅದನ್ನು ಮೊದಲೇ ಎತ್ತರದಲ್ಲಿ ಕಳೆದಿಟ್ಟುಕೊಳ್ಳಿ.

ಇದೆಲ್ಲ ಅಂದಾಜಿನ ಮಾತಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಯಾವ ಸ್ಪೀಕರಿಗೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕುವ ದಾರಿ ತೋರಿಸಿದರು. ಒಳ್ಳೆಯ ಕಂಪನಿಯ ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಆ ಅಂಕಿಗಳೂ, ಬೇಕಾದ ಲೀಟರೂ ಇರುತ್ತವೆ. ಆ ಕಾಗದ ಇಲ್ಲದ ಸ್ಪೀಕರನ್ನು ಕೊಳ್ಳಲೇಬೇಡಿ. ಬ್ಯಾಲೆನ್ಸ್ ಶೀಟ್ ಇಲ್ಲದ ಪಾರ್ಟಿಗೆ ಲೋನ್ ಕೊಡುತ್ತೀರಾ? ಹಾಗೇ ಇದು.

ಇನ್ನು ವಾಟ್. ಅಂಗಡಿಯವನು "ಕಾಕಾ, ಹಜಾರ್ ವಾಟ್ ಹೈ" ಅನ್ನುತ್ತಾನೆ. ಅದು ಪೀಕ್ ವಾಟ್. ಮದುವೆ ಮಾತುಕತೆಯಲ್ಲಿ ಹೇಳುವ ಸಂಬಳದಂತೆ! ನೀವು ಕೇಳಬೇಕಾದದ್ದು ಆರ್‌ಎಂಎಸ್ ವಾಟ್. ಆಂಪ್ಲಿಫೈಯರಿನ ಮೇಲೆ ಸಿಟಿಎ-2006 (ಹಳೆಯ ಹೆಸರು ಸಿಇಎ-2006) ಅಂತ ಗುರುತಿದ್ದರೆ ಅಂಕಿ ನಂಬಬಹುದು, ಅದನ್ನು ಒಂದೇ ನಿಯಮದಲ್ಲಿ ಅಳೆದಿರುತ್ತಾರೆ. 300 ವಾಟ್ ಇದ್ದದ್ದನ್ನು 600 ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಪುಟ್ಟ ಕ್ಯಾಬಿನ್ನಿಗೆ 200-300 ಆರ್‌ಎಂಎಸ್ ಧಾರಾಳ. ಅಷ್ಟಕ್ಕೇ ಬ್ಯಾಟರಿಯಿಂದ 27 ಆಂಪಿಯರ್ ಹತ್ತಿರ ಎಳೆಯುತ್ತದೆ. ತಾಮ್ರದ ತಂತಿ ಹಾಕಿಸಿ, ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ. ಬ್ಯಾಟರಿಯಿಂದ ಅರ್ಧ ಮೀಟರಿನೊಳಗೆ ಫ್ಯೂಸ್ ಇರಲೇಬೇಕು. ಅದೊಂದನ್ನು ಉಳಿಸಲು ಹೋದರೆ ಉಳಿದ ಗಾಡಿಗೇ ಬೆಂಕಿ.

ಪೆಟ್ಟಿಗೆಯ ಮರ? ಎಲ್ಲರೂ ಎಂಡಿಎಫ್ ಅನ್ನುತ್ತಾರೆ. ಗಟ್ಟಿ, ಸಪಾಟು, ಸರಿ. ಆದರೆ ಮುಂಬಯಿ, ಕೊಂಕಣ, ನಮ್ಮ ಕರಾವಳಿಯ ಮಳೆಯಲ್ಲಿ ಒದ್ದೆ ಚಪ್ಪಲಿ ಹೊತ್ತ ಗಾಡಿಯ ನೆಲದ ಮೇಲೆ ಎಂಡಿಎಫ್ ನೀರು ಕುಡಿದು ಊದಿಕೊಳ್ಳುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಮಾಡಿಸಿ, ಒಳಮೂಲೆಗಳಿಗೆಲ್ಲ ಸಿಲಿಕಾನ್ ಬಳಿಸಿ. ಮೀರಜಿನ ತಂಬೂರಿಯಲ್ಲಿ ಸೋರೆಬುರುಡೆಯೇ ಹಾಡಬೇಕು. ಸಬ್‌ವೂಫರಿನಲ್ಲಿ ಅದಕ್ಕೆ ತದ್ವಿರುದ್ಧ, ಮರ ಬಾಯಿಮುಚ್ಚಿಕೊಂಡಿರಬೇಕು, ಒಳಗಿನ ಗಾಳಿ ಮಾತ್ರ ಕೆಲಸ ಮಾಡಬೇಕು. ಪೆಟ್ಟಿಗೆಯ ಮೇಲೆ ಕೈಯಿಟ್ಟಾಗ ಮರ ನಡುಗಿದರೆ ಬಡಗಿಗೆ ವಾಪಸು ಕೊಡಿ.

ಬೊಲೆರೊ ಪಿಕಪ್, ಟಾಟಾ ಯೋಧದಂಥ ಸಿಂಗಲ್ ಕ್ಯಾಬಿನವರಿಗೆ ಇಷ್ಟೂ ಜಾಗ ಇರುವುದಿಲ್ಲ. ಅವರಿಗೆ ನನ್ನ ಸಲಹೆ ಇನ್ನೂ ಸಣ್ಣದು. ಬಾಗಿಲಿನ ಸ್ಪೀಕರು ಒಳ್ಳೆಯದು ಹಾಕಿಸಿ, ಬಾಗಿಲ ತಗಡಿಗೆ ಡ್ಯಾಂಪಿಂಗ್ ಹಾಳೆ ಅಂಟಿಸಿ. ಆಮೇಲೆ ಆಂಪ್ಲಿಫೈಯರ್ ಒಳಗೇ ಇರುವ, ಸೀಟಿನ ಕೆಳಗೆ ಜಾರಿಸುವ ಚಪ್ಪಟೆ ವೂಫರ್. ಪಯೋನಿಯರ್, ಕೆನ್‌ವುಡ್, ಜೆಬಿಎಲ್ ಎಲ್ಲರೂ ಮಾಡುತ್ತಾರೆ. ಎದೆ ನಡುಗುವುದಿಲ್ಲ, ಡಗ್ಗಾ ಮಾತ್ರ ಚೊಕ್ಕ ಕೇಳುತ್ತದೆ. ಹಿಂದಿನ ಲೋಡ್ ಬಾಡಿಯಲ್ಲಿ ಪೆಟ್ಟಿಗೆ ಇಡುವ ಯೋಚನೆ ಬೇಡ. ಕ್ಯಾಬಿನ್ನು ಕೊಡುವ ಪುಕ್ಕಟೆ ಲಾಭ ಅಲ್ಲಿ ಸಿಗುವುದಿಲ್ಲ, ಮಳೆ ಸಿಗುತ್ತದೆ, ಸದ್ದೆಲ್ಲ ಊರಿನವರಿಗೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಕ್ಯಾಬಿನ್ನಿನ ಹಿಂಗೋಡೆ ಕೊರೆದು ಸದ್ದು ಒಳಗೆ ಬಿಡುವ ಅಮೆರಿಕದ ಹುಚ್ಚು ಇಲ್ಲಿ ಬೇಡವೇ ಬೇಡ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನು ಗಾಡಿಯ ಮೂಲ ರೂಪ ಬದಲಿಸಲು ಬಿಡುವುದಿಲ್ಲ.

"ಬೇಸ್ ಅಂದರೆ ಗುದ್ದು ಇರಬೇಕು ಸರ್" ಅನ್ನುವ ಹುಡುಗರಿದ್ದಾರೆ. ಅವರ ಮಾತಿನಲ್ಲೂ ಸತ್ಯವಿದೆ. ಒಂದೇ ಆಂಪ್ಲಿಫೈಯರಿಗೆ ಪೋರ್ಟೆಡ್ ಪೆಟ್ಟಿಗೆ ಹೆಚ್ಚು ಜೋರು, ಡಿಜೆ ಹಾಡಿಗೆ ಅದೇ ಚೆಂದ. ಆದರೆ ಹಾಫ್‌ಮನ್ ಎಂಬ ಎಂಜಿನಿಯರನ ಹೆಸರಿನ ಒಂದು ಉಕ್ಕಿನ ನಿಯಮವಿದೆ. ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವಾಟಿನಲ್ಲಿ ಹೆಚ್ಚು ಸದ್ದು. ಈ ಮೂರರಲ್ಲಿ ಯಾವುದಾದರೂ ಎರಡು ಮಾತ್ರ ಸಿಗುತ್ತವೆ. ಪಿಕಪ್ಪಿನವನಿಗೆ ಸಣ್ಣ ಪೆಟ್ಟಿಗೆ ಅನಿವಾರ್ಯ. ಉಳಿದೆರಡರಲ್ಲಿ ಒಂದನ್ನು ಬಿಡಬೇಕು, ನಾನಾದರೆ ಜೋರು ಸದ್ದನ್ನು ಬಿಡುತ್ತೇನೆ.

ಕೊನೆಗೆ ನಮ್ಮ ಧಂದೆಯ ಮಾತು. ಆ 40,000ವನ್ನು ಗಾಡಿಯ ಲೋನಿಗೆ ಸೇರಿಸಿದರೆ, ಶೇಕಡಾ 10ರ ಬಡ್ಡಿಯಲ್ಲಿ 60 ಕಂತು, ತಿಂಗಳಿಗೆ 850 ರೂಪಾಯಿ, ಒಟ್ಟು 51,000. ಸ್ಪೀಕರು ಐದು ವರ್ಷ ಬಾಳಿದರೆ ಪುಣ್ಯ. ಅಳತೆಗೆ ಮಾಡಿಸಿದ ಒಂದು ಪೆಟ್ಟಿಗೆ, ಒಂದು 10 ಇಂಚು, ಹದವಾದ ಆಂಪ್ಲಿಫೈಯರು, ಇವು ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಆಗುತ್ತವೆ. ಆರು ತಿಂಗಳು ಕೈಯಲ್ಲಿ ಕೂಡಿಟ್ಟು ರೊಕ್ಕ ಕೊಟ್ಟೇ ತನ್ನಿ. ಇನ್ಶೂರೆನ್ಸಿನಲ್ಲಿ ಎಲೆಕ್ಟ್ರಿಕಲ್ ಫಿಟ್ಟಿಂಗ್ ಅಂತ ಬರೆಸುವುದನ್ನೂ ಬಿಡಬೇಡಿ, ಬರೆಸದಿದ್ದರೆ ಕಳುವಾದಾಗ ಕ್ಲೇಮಿಲ್ಲ.

ಇಷ್ಟೆಲ್ಲ ಓದಿಯೂ ಅಂಗಡಿಗೆ ಹೋದಾಗ ಎರಡು 12 ಇಂಚಿನ ಕೆಂಪು ಲೈಟಿನ ವೂಫರ್ ಕಣ್ಣು ಹೊಡೆಯುತ್ತದೆ, ಗೊತ್ತು. ಆಗ ಜೇಬಿನಿಂದ ಟೇಪು ತೆಗೆದು ಒಂದೇ ಪ್ರಶ್ನೆ ಕೇಳಿ. "ಇದಕ್ಕೆ ಎಷ್ಟು ಲೀಟರ್ ಪೆಟ್ಟಿಗೆ ಬೇಕಪ್ಪಾ?" ಉತ್ತರ ಬಂದರೆ ಕೂತು ಮಾತಾಡಿ, ಬರದಿದ್ದರೆ ಮುಂದಿನ ಅಂಗಡಿ. ಏನಂತೀರಿ?