ಇಲ್ಲದ ಸಾಲಕ್ಕೆ ತಲೆಬಾಗುವುದು ಧರ್ಮನಿಷ್ಠೆಯಲ್ಲ

“ತೀರಿಹೋದ ನಿಮ್ಮ ತಂದೆಯ ಸಾಲ ಬಾಕಿಯಿದೆ. ಸಂಜೆಯೊಳಗೆ ಕಟ್ಟದಿದ್ದರೆ ಪೊಲೀಸರು ಬರುತ್ತಾರೆ.” ಇಳಕಲ್ಲಿನ ನೇಕಾರನಿಗೋ ಬಾದಾಮಿಯ ವ್ಯಾಪಾರಿಗೋ ಇಂಥ ಕರೆ ಬಂದರೆ ಆತನು ಮೊದಲು ಹೆದರುವುದು ಪೊಲೀಸರಿಗಲ್ಲ, ತಂದೆಯ ಪರಲೋಕಕ್ಕಾಗಿ. ವಂಚಕರು ದೋಚುವುದು ಈ ಈಮಾನಿನ ಅಳುಕನ್ನೇ.

ಇದರಲ್ಲಿ ನಮ್ಮ ಪಾಲೂ ಇದೆ. ಸಾಲವುಳಿಸಿ ಮೃತಪಟ್ಟವನ ಜನಾಝಾ ನಮಾಝ್‌ಗೆ ಪ್ರವಾದಿವರ್ಯರು(ಸ) ನಿಲ್ಲಲಿಲ್ಲ, ಅಬೂ ಕತಾದಾ(ರ) ಹೊಣೆ ಹೊತ್ತ ಬಳಿಕವೇ ನಿಂತರು ಎಂದು ನಾವು ಮಿಂಬರಿನಿಂದ ಹೇಳುತ್ತ ಬಂದೆವು. ಕುರ್‌ಆನಿನ ಅತಿ ದೀರ್ಘ ಸೂಕ್ತವು (ಅಲ್‌ಬಕರಃ, 282) ಸಾಲದ ಬರಹ, ಸಾಕ್ಷಿಗಳ ಕುರಿತದ್ದೆಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ಪುರಾವೆಯ ಭಾರ ಹಕ್ಕು ಕೇಳುವವನದು. ತಂದೆಯ ನಿಜವಾದ ಸಾಲವೂ ಆತನು ಬಿಟ್ಟುಹೋದ ಆಸ್ತಿಯಿಂದಲೇ ತೀರತಕ್ಕದ್ದು. ಹೆಸರಿಲ್ಲದ ಸ್ವರಕ್ಕೆ ಹಣ ಕಳಿಸಿದರೆ ಯಾರ ಋಣವೂ ಹರಿಯುವುದಿಲ್ಲ.

ಆದ್ದರಿಂದ ಕೇಳಿರಿ: ಯಾವ ಸಂಸ್ಥೆ, ಯಾವ ಶಾಖೆ, ಲಿಖಿತ ನೋಟಿಸು ಎಲ್ಲಿ? ಕರೆ ಕಡಿದು ಶಾಖೆಗೇ ಹೋಗಿರಿ. ಓಟಿಪಿ ಹೇಳಬೇಡಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ನಿಜವಾದ ವಸೂಲಿಗಾರನೂ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತೆಯೂ ಇಲ್ಲ. ಕಿರುಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯವು 2025ರಲ್ಲಿ ಕಾನೂನನ್ನೇ ತಂದಿದೆ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆಯುಂಟು. ಜಮಾಅತಿನಲ್ಲಿ ಮರ್ಯಾದೆ ಹೋದೀತೆಂದು ಬಾಯಿ ಮುಚ್ಚುವವರನ್ನು ನಾವು ಬಲ್ಲೆವು. ಮೋಸಹೋದವನನ್ನು ನೋಡಿ ನಗುವ ಜಮಾಅತ್ ಮೊದಲು ತಾನೇ ನಾಚಬೇಕು. ಬರುವ ಜುಮುಅಃದಂದು ಖತೀಬರು ಆ ನಾಲ್ಕಂಕಿಯನ್ನು ಓದಿ ಹೇಳಲಿ.