ಹುಳಿಗೂ ಒಂದು ಹದ

ಹುಳಿಯಾದುದೆಲ್ಲ ಕೆಟ್ಟುದಲ್ಲ, ಕೆಟ್ಟುದೆಲ್ಲ ಹುಳಿಯಾಗಿಯೇ ಇರಬೇಕಾಗಿಲ್ಲ. ಈ ಸಣ್ಣ ಸತ್ಯವನ್ನು ಮರೆತ ಮನೆಯಲ್ಲಿ ಒಳ್ಳೆಯ ದೋಸೆಹಿಟ್ಟು ಬಚ್ಚಲಿಗೆ ಹೋಗುತ್ತದೆ, ಹಳಸಿದ ಸಾರು ಎಲೆಗೆ ಬರುತ್ತದೆ. ಇದನ್ನು ವಿವರಿಸಲು ನಾನು ಬರ್ಲಿನ್ ನಗರದ ಬಿಯರಿನವರೆಗೆ ಹೋಗಬೇಕಾಗಿದೆ. ಗೃಹಿಣಿಯರು ಗಾಬರಿಯಾಗಬೇಕಾಗಿಲ್ಲ, ಹೋದಷ್ಟೇ ಬೇಗ ಮಾಗಡಿಯ ರಾಗಿಹೊಲಕ್ಕೆ ಹಿಂದಿರುಗುತ್ತೇನೆ.

ಬರ್ಲಿನ್ನಿನಲ್ಲಿ 'ಬರ್ಲಿನರ್ ವೈಸೆ' ಎಂಬ ಹುಳಿ ಬಿಯರು ಉಂಟು. ಮೊಳಕೆ ಬರಿಸಿದ ಬಾರ್ಲಿ ಮತ್ತು ಗೋಧಿಯಿಂದ ಅದನ್ನು ಮಾಡುತ್ತಾರೆ. ಅದರಲ್ಲಿ ಮದ್ಯಸಾರ ಶೇಕಡಾ 3ರ ಆಸುಪಾಸು. ಹುಳಿ ಮಾತ್ರ ಹಲ್ಲು ಚುಳ್ಳೆನ್ನುವಷ್ಟು. ಅದಕ್ಕೇ ಅಲ್ಲಿಯ ಜನ ಹಣ್ಣಿನ ಪಾನಕ ಬೆರೆಸಿ ಕುಡಿಯುತ್ತಾರೆ. ಪಶ್ಚಿಮ ದೇಶಗಳಲ್ಲಿ ಇಂತಹ ಬಿಯರನ್ನು ಮನೆಯಲ್ಲಿಯೇ ತಯಾರಿಸಿ ಸ್ಪರ್ಧೆಗೆ ಒಯ್ಯುವ ಹವ್ಯಾಸಿಗಳಿದ್ದಾರೆ. ಅಮೆರಿಕದಲ್ಲಿ 1985ರಿಂದ ತೀರ್ಪುಗಾರರಿಗೆ ಪರೀಕ್ಷೆಯನ್ನೇ ಏರ್ಪಡಿಸಿದ್ದಾರೆ. ಅಂಕಗಳು ಒಟ್ಟು 50: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಬಗೆಗೆ 5, ಒಟ್ಟು ಅಭಿಪ್ರಾಯಕ್ಕೆ 10. ತೀರ್ಪುಗಾರ "ನನಗೆ ಹಿಡಿಸಿತು" ಎಂದರೆ ಸಾಲದು; ಆ ಜಾತಿಯ ಬಿಯರು ಹೇಗಿರಬೇಕೋ ಹಾಗಿದೆಯೇ ಎಂದು ಹೇಳಬೇಕು. ಬವೇರಿಯದ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಗುಣ. ಪಿಲ್ಸ್‌ನರ್ ಬಿಯರಿನಲ್ಲಿ ಅದೇ ದೋಷ.

ನಮ್ಮಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರು ಮಾಡುವುದು 1965ರ ಅಬಕಾರಿ ಕಾಯಿದೆಗೆ ವಿರುದ್ಧ. ಆದರೆ ಆ ವಿದ್ಯೆಯ ಅರ್ಧಭಾಗ ರಾಮನಗರ, ಕನಕಪುರಗಳ ಅಡುಗೆಮನೆಗೆ ಹೊಸತೇನೂ ಅಲ್ಲ. ರಾಗಿಯನ್ನು ನೆನೆಹಾಕಿ, ಒದ್ದೆಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿ ಮಗುವಿಗೆ ಗಂಜಿ ಕಾಯಿಸುತ್ತೇವಲ್ಲ, ಬಾರ್ಲಿಗೆ ಜರ್ಮನರು ಮಾಡುವುದೂ ಹೆಚ್ಚುಕಡಿಮೆ ಅದೇ. ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಗಂಜಿ ತೆಳುವಾಗಿ, ಸಿಹಿಯಾಗಿ, ಮಗುವಿಗೆ ಸುಲಭವಾಗಿ ಜೀರ್ಣವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಮೊಳಕೆ ರಾಗಿಯ ಈ ಗುಣವನ್ನು ವಿಶೇಷವಾಗಿ ಅಭ್ಯಸಿಸಿದೆ. ಆ ಸಕ್ಕರೆಗೆ ಯೀಸ್ಟ್ ಸೇರಿದರೆ ಮದ್ಯ. ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ ಅದರಿಂದ ಬಿಯರು ಮಾಡುತ್ತಾರೆ; ಸಿಕ್ಕಿಂ, ನೇಪಾಳಗಳಲ್ಲಿ ಛಾಂಗ್ ಮಾಡುತ್ತಾರೆ.

ನಮ್ಮವರು ಹಿಡಿದದ್ದು ಬೇರೆ ದಾರಿ. ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದರೆ ಅಂಬಲಿ. ಅದನ್ನು ಹುಳಿಯಾಗಿಸುವುದು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ. ಬರ್ಲಿನ್ನಿನ ಬಿಯರಿನ ಹುಳಿಯೂ ಅದೇ. ಆಮ್ಲ ಒಂದೇ, ಅಮಲು ಮಾತ್ರ ಇಲ್ಲ!

ಹಾಗಾದರೆ ಅಂಬಲಿಗೆ ಅಂಕ ಕೊಡುವವರು ಯಾರು? ಅಚ್ಚಾದ ಅಂಕಪಟ್ಟಿ ನಮಗಿಲ್ಲ. ಅದು ನಮ್ಮ ಮಾತಿನಲ್ಲಿಯೇ ಅಡಗಿದೆ. 'ಹಸಿ ವಾಸನೆ' ಎಂದರೆ ಕುದಿ ಸಾಲದು. 'ಸೀದಿದೆ' ಎಂದರೆ ತಿರುವಿದ ಕೈ ಬೇಸರಪಟ್ಟಿದೆ. 'ಮುಗ್ಗು' ಎಂದರೆ ಹಿಟ್ಟು ತೇವಕ್ಕೆ ಸಿಕ್ಕಿದೆ. 'ಕಮಟು' ಎಂದರೆ ಹಿಟ್ಟು ಹಳೆಯದಾಗಿ ಅದರ ಜಿಡ್ಡು ಕೆಟ್ಟಿದೆ. 'ಒಗರು' ಬಂದದ್ದು ಕಾಳಿನ ಸಿಪ್ಪೆಯಿಂದ. 'ಹಳಸು' ಎಂದರೆ ಬೇಡದ ಜೀವಾಣು ಒಳಹೊಕ್ಕಿದೆ, ಚೆಲ್ಲಿಬಿಡಿ. ಒಂದೊಂದು ಪದವೂ ದೋಷವನ್ನು ಹೇಳುವುದಲ್ಲದೆ ಅದರ ಕಾರಣವನ್ನೂ ತೋರಿಸುತ್ತದೆ. ಎಷ್ಟು ಹುಳಿ ಇರಬೇಕೆಂಬುದರಲ್ಲಿ ಕನಕಪುರದ ಮನೆಯೂ ಚನ್ನಪಟ್ಟಣದ ಮನೆಯೂ ಜಗಳವಾಡಬಹುದು. ಹಳಸಿದ್ದು ಯಾವುದೆಂಬುದರಲ್ಲಿ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ.

ಕನ್ನಡ ಪಾಠ ಹೇಳುವ ನನ್ನ ಚಿಂತೆ ಇರುವುದು ಇಲ್ಲಿಯೇ. ಹಿಟ್ಟು ಪೊಟ್ಟಣದಲ್ಲಿ ಬರುವ ಕಾಲದಲ್ಲಿ ಮಕ್ಕಳು ತಾರೀಖನ್ನು ಓದಿ ಆಹಾರದ ಯೋಗ್ಯತೆಯನ್ನು ನಿರ್ಧರಿಸುತ್ತಾರೆ. 'ಸೂಪರ್' ಮತ್ತು 'ಛೀ' ಎಂಬ ಎರಡೇ ಪದಗಳಲ್ಲಿ ರುಚಿಯ ಲೋಕವೆಲ್ಲ ಮುಗಿದುಹೋಗುತ್ತದೆ. ಕಮಟು ಎಂಬ ಪದ ಗೊತ್ತಿಲ್ಲದವನ ಮೂಗಿಗೆ ಕಮಟು ತಟ್ಟಿದರೂ ಅವನು ಅದನ್ನು ಗುರುತಿಸಲಾರ. ಗುರುತಿಸಿದರೂ ಅಮ್ಮನಿಗೆ ಹೇಳಲಾರ.

ಬರ್ಲಿನ್ನಿನ ಆ ಬಿಯರೂ ಇಪ್ಪತ್ತನೆಯ ಶತಮಾನದ ಕೊನೆಗೆ ಅಳಿವಿನ ಅಂಚಿಗೆ ಬಂದಿತ್ತು. ಅದು ಹೇಗಿರಬೇಕೆಂದು ಬರೆದಿಟ್ಟದ್ದು ದೂರದ ದೇಶದ ಹವ್ಯಾಸಿಗಳಿಗೂ ನೆರವಾಯಿತು. ನಮ್ಮ ಅಂಬಲಿಯ ಲಕ್ಷಣ ಇನ್ನೂ ಹಿರಿಯರ ನಾಲಗೆಯ ಮೇಲಿದೆ. ಆದ್ದರಿಂದ ವಾಚಕರಲ್ಲಿ ನನ್ನದೊಂದು ಸಣ್ಣ ವಿನಂತಿ: ಮುಂದಿನ ಸಲ ಅಂಬಲಿ ಕಾಯಿಸಿದಾಗ ಮಗುವಿಗೆ ಒಂದು ಬಟ್ಟಲು ಕೊಟ್ಟು, "ಹಿಡಿಸಿತೇ?" ಎಂದು ಕೇಳಬೇಡಿ, "ಹೇಗಿದೆ?" ಎಂದು ಕೇಳಿ. ಪದ ಸಿಗದೆ ಅದು ತಡವರಿಸಿದರೆ, ಪಕ್ಕದಲ್ಲಿ ಕುಳಿತ ಅಜ್ಜಿಯೇ ಹೇಳಿಕೊಡಲಿ.